ಮೇಷ್ಟ್ರ ಹುಲ್ಲಿನ ಪೆಟ್ಟಿಗೆ

ಹೋದ ವಾರ ಹೈಸ್ಕೂಲಿನ ಹಾಲಿನಲ್ಲಿ ಮೇಷ್ಟ್ರಿಗೆ ಶ್ರದ್ಧಾಂಜಲಿ ಸಭೆ ಏರ್ಪಡಿಸಿದ್ದರು. ಕೋಲಾರದ ದೊಡ್ಡವರೆಲ್ಲ ಬಂದಿದ್ದರು. ನಮ್ಮ ಯಜಮಾನರು ಬಲವಂತ ಮಾಡಿದರೆಂದು ನಾನೂ ಹೋಗಿ ಹೆಂಗಸರ ಬೆಂಚಿನ ತುದಿಯಲ್ಲಿ ಕೂತೆ. ಒಬ್ಬೊಬ್ಬರಾಗಿ ಎದ್ದು ಹೊಗಳಿದರು. ಮಿತವ್ಯಯವೆಂದರೆ ಅವರು, ಅವರೆಂದರೆ ಮಿತವ್ಯಯ ಎಂದರು ಒಬ್ಬರು. ಯುದ್ಧದ ಕಾಲದಲ್ಲಿ ಜಿಲ್ಲೆಯ ಮನೆಮನೆಗೂ ಸೌದೆ ಉಳಿಸುವುದನ್ನು ಕಲಿಸಿದ ಪುಣ್ಯಾತ್ಮರು ಎಂದರು ಇನ್ನೊಬ್ಬರು. ಕೊನೆಗೆ ಎದ್ದ ವಕೀಲರೊಬ್ಬರು, ಕಡೆಗಾಲದಲ್ಲಿ ಮೇಷ್ಟ್ರ ಮನೆಯಲ್ಲಿ ಒಲೆಯನ್ನೇ ಹಚ್ಚುತ್ತಿರಲಿಲ್ಲ, ನೆನೆಹಾಕಿದ ಕಡಲೆ, ಬಾಳೆಹಣ್ಣು, ಮಜ್ಜಿಗೆ ಇಷ್ಟರಲ್ಲೇ ಋಷಿಗಳ ಹಾಗೆ ಬದುಕಿದರು ಎಂದಾಗ ಸಭೆಯೆಲ್ಲ ತಲೆದೂಗಿತು. ಒಲೆ ಹಚ್ಚುವವಳು ಆ ಮನೆ ಬಿಟ್ಟು ಯಾಕೆ ಹೋದಳು ಎಂದು ಕೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಬಂದುಬಿಟ್ಟೆ.

ಸತ್ತವರ ಮೇಲೆ ಕೆಟ್ಟ ಮಾತು ಆಡಬಾರದು ಅಂತಾರೆ. ಆಡುವುದಿಲ್ಲ. ಕಂಡದ್ದನ್ನು ಹೇಳುತ್ತೇನೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ನಾನು ಮದುವೆಯಾಗಿ ಆ ವಠಾರಕ್ಕೆ ಕಾಲಿಟ್ಟಾಗ ಯುದ್ಧ ಇನ್ನೂ ಶುರುವಾಗಿರಲಿಲ್ಲ, ಮೇಷ್ಟ್ರು ಆಗಲೇ ಅಲ್ಲಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದರು. ಹೆಂಡತಿ ಲಕ್ಷ್ಮಮ್ಮ ಶ್ರೀನಿವಾಸಪುರದ ಕಡೆಯ ಯಲ್ದೂರಿನವಳು, ಮಾವಿನ ತೋಪಿನವರ ಮಗಳು. ತವರಿನಲ್ಲಿ ತೆಲುಗು, ವಠಾರದಲ್ಲಿ ಕನ್ನಡ. ಸಂತೋಷಕ್ಕೋ ಸಂಕಟಕ್ಕೋ ಒಳಗಾದಾಗ ಎರಡೂ ಬೆರೆತು ಬರುತ್ತಿತ್ತು. ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವಳು. ನನಗೆ ಸಂಸಾರ ಮಾಡುವುದನ್ನು ಕಲಿಸಿದವಳು ಅವಳೇ.

ಮೇಷ್ಟ್ರು ಸಣಕಲು ಆಸಾಮಿ. ಕತ್ತಿನವರೆಗೆ ಗುಂಡಿ ಹಾಕಿದ ಕೋಟು, ತಲೆಗೆ ರುಮಾಲು, ಕಂಕುಳಲ್ಲಿ ಛತ್ರಿ. ಅವರಿಗೆ ಒಂದು ಅಭ್ಯಾಸವಿತ್ತು. ಯಾರ ಮನೆಗೆ ಹೋದರೂ ಒಲೆಯ ಮೇಲಿನ ಪಾತ್ರೆಯ ಪಕ್ಕಕ್ಕೆ ಮುಂಗೈಯ ಹಿಂಭಾಗ ತಾಗಿಸಿ ಎಷ್ಟು ಬಿಸಿಯಿದೆ ಎಂದು ನೋಡುವುದು. ಬೇರೆ ಗಂಡಸರು ನೆರೆಮನೆಯ ಅಡಿಗೆಕೋಣೆಗೆ ಕಾಲಿಟ್ಟರೆ ಹೆಂಗಸರು ಸುಮ್ಮನಿರುತ್ತಾರೆಯೇ? ಮೇಷ್ಟ್ರಿಗೆ ಮಾತ್ರ ಯಾರೂ ಏನೂ ಅನ್ನುತ್ತಿರಲಿಲ್ಲ. ಅವರ ಕಣ್ಣು ಹೆಂಗಸರ ಮೇಲಿರುತ್ತಿರಲಿಲ್ಲ, ಪಾತ್ರೆಯ ಮೇಲಿರುತ್ತಿತ್ತು. ಸುಮ್ಮನೆ ಕುದಿಯುತ್ತಿರುವ ನೀರು ಕಂಡರೆ ಅವರಿಗೆ ನಿಜವಾಗಿ ಸಂಕಟವಾಗುತ್ತಿತ್ತು. ಕುದಿ ಬಂದ ಮೇಲೆ ಉರಿ ಹಾಕುವುದು ಬಾವಿಗೆ ನೀರು ಹೊತ್ತುಹಾಕಿದ ಹಾಗೆ ಎನ್ನುತ್ತಿದ್ದರು.

ವಠಾರಕ್ಕೆ ವಿದ್ಯುತ್ತು ಬಂದಾಗ ಎಲ್ಲರೂ ನಡುಮನೆಗೊಂದು ಅಡಿಗೆಮನೆಗೊಂದು ಬಲ್ಬು ಹಾಕಿಸಿಕೊಂಡರು. ಮೇಷ್ಟ್ರು ಹಾಕಿಸಿಕೊಂಡದ್ದು ಒಂದೇ. ನಡುಮನೆಗೂ ಅಡಿಗೆಮನೆಗೂ ಮಧ್ಯದ ಗೋಡೆಯಲ್ಲಿ ಕಿಂಡಿ ಕೊರೆಸಿ ಅದರೊಳಗೆ ಬಲ್ಬು ಇಟ್ಟರು. ಆ ಕಡೆಗೂ ಬೆಳಕು, ಈ ಕಡೆಗೂ ಬೆಳಕು. ನೋಡಲು ಊರಿನ ಜನವೆಲ್ಲ ಬಂದರು. ಯಾರಿಗೂ ಕಾಣದೆ ಇದ್ದದ್ದು ಒಂದೇ: ಕಿಂಡಿ ಒಲೆಯ ಹಿಂದುಗಡೆಯ ಗೋಡೆಯಲ್ಲಿರದೆ, ಒಲೆಗೆ ಎದುರಾಗಿ ಕೂತವಳ ಬೆನ್ನಿಗಿತ್ತು. ಲಕ್ಷ್ಮಮ್ಮ ಅಷ್ಟು ವರ್ಷವೂ ತನ್ನ ನೆರಳಿನೊಳಗೇ ಅಡಿಗೆ ಮಾಡಿದಳು. ಸಂಜೆ ಹೊತ್ತು ತರಕಾರಿ ಹೆಚ್ಚಲು ನಮ್ಮ ಮನೆಗೆ ಬಂದು ಕೂರುತ್ತಿದ್ದಳು. ಯಾಕಮ್ಮ ಎಂದರೆ, ಮಾತಿಗೆ ಬಂದೆ ಎನ್ನುತ್ತಿದ್ದಳೇ ಹೊರತು ಬೆಳಕಿಗೆ ಬಂದೆ ಎಂದು ಗಂಡನನ್ನು ಬಿಟ್ಟುಕೊಟ್ಟವಳಲ್ಲ.

ಬೆಳಗಾದರೆ ಮೇಷ್ಟ್ರು ತೆಂಗಿನ ಕರಟ ಹಿಡಿದು ನಮ್ಮ ಬಾಗಿಲಿಗೆ ಕೆಂಡಕ್ಕೆ ಬರುತ್ತಿದ್ದರು. ಬೆಂಕಿಪೆಟ್ಟಿಗೆ ಅವರ ಮನೆಯಲ್ಲಿ ದೇವರ ದೀಪಕ್ಕೆ ಮಾತ್ರ. ಆ ಕಡ್ಡಿಯನ್ನೂ ಬ್ಲೇಡಿನಿಂದ ಉದ್ದಕ್ಕೆ ಎರಡಾಗಿ ಸೀಳಿಡುತ್ತಿದ್ದರು. ನಮ್ಮತ್ತೆ ಶುಕ್ರವಾರ ಮನೆಯಿಂದ ಬೆಂಕಿ ಹೊರಗೆ ಕೊಡಬಾರದು, ಲಕ್ಷ್ಮಿ ಹೋಗ್ತಾಳೆ ಎಂದು ಗೊಣಗುತ್ತಿದ್ದರು. ಮೇಷ್ಟ್ರು ನಕ್ಕುಬಿಡುತ್ತಿದ್ದರು. "ಕೊಟ್ರೆ ಕಡಮೆ ಆಗದೇ ಇರೋ ಪದಾರ್ಥ ಲೋಕದಲ್ಲಿ ಅದೊಂದೇ ಕಣಮ್ಮ, ಅದಕ್ಕೂ ಜಿಪುಣತನ ಮಾಡ್ತೀರಲ್ಲ" ಎಂದರು ಒಂದು ಸಲ. ಜಿಪುಣತನ ಎಂದು ನಮಗೆ ಹೇಳಿದವರು ಅವರು! ಅತ್ತೆ ಆ ಮಾತನ್ನು ಸಾಯುವವರೆಗೂ ಮರೆಯಲಿಲ್ಲ.

ಆದರೆ ಅವರನ್ನು ಜಿಪುಣರೆಂದರೆ ನನ್ನ ನಾಲಿಗೆಗೆ ಹುಳ ಬೀಳುತ್ತದೆ. ಬಡ ಹುಡುಗರನ್ನು ಜಗುಲಿಯಲ್ಲಿ ಕೂರಿಸಿಕೊಂಡು ಬಿಟ್ಟಿಯಾಗಿ ಪಾಠ ಹೇಳುತ್ತಿದ್ದರು. ರೇಷನ್ನಿನಲ್ಲಿ ಬಂದ ಸಕ್ಕರೆಯನ್ನು ಕಾಯಿಲೆಯವರಿರುವ ಮನೆಗೆ ಕೊಟ್ಟುಬಿಡುತ್ತಿದ್ದರು. ತಾವು ಮಾತ್ರ ಧನುರ್ಮಾಸದಲ್ಲೂ ತಣ್ಣೀರೇ. ನಶ್ಯವಿಲ್ಲ, ಕಾಫಿಯಿಲ್ಲ, ಒಂದು ಕೆಟ್ಟ ಮಾತಿಲ್ಲ. ಹೇಳಿದ್ದನ್ನೆಲ್ಲ ಮೊದಲು ತಾವು ಮಾಡಿ ಆಮೇಲೆ ಇನ್ನೊಬ್ಬರಿಗೆ ಹೇಳುವವರು. ಕೆಟ್ಟವರಾಗಿದ್ದರೆ ಬೈದು ಬಾಯಿ ತೊಳೆದುಕೊಳ್ಳಬಹುದಿತ್ತು. ಇಂಥ ಒಳ್ಳೆಯವರನ್ನು ಏನು ಮಾಡುವುದು?

ಯುದ್ಧ ಬಂತು. ಸೀಮೆಎಣ್ಣೆ ಕಾಣೆಯಾಯಿತು. ಬಸ್ಸುಗಳು ಪೆಟ್ರೋಲು ಬಿಟ್ಟು ಇದ್ದಲು ತಿನ್ನುವುದಕ್ಕೆ ಶುರುಮಾಡಿದವು. ಬೆನ್ನಿಗೆ ಒಂದು ದೊಡ್ಡ ಹಂಡೆ ಕಟ್ಟಿಕೊಂಡು, ಹೊಗೆ ಉಗುಳುತ್ತ, ದಿಣ್ಣೆ ಬಂದರೆ ಜನರನ್ನೆಲ್ಲ ಇಳಿಸಿ ತಳ್ಳಿಸಿಕೊಳ್ಳುತ್ತಿದ್ದವು. ಅವುಗಳ ಹೊಟ್ಟೆಗೆ ಹೋದ ಮೇಲೆ ಮನುಷ್ಯರಿಗೆ ಇದ್ದಲು ಉಳಿಯಲಿಲ್ಲ. ಸೌದೆ ಗಾಡಿ ಪೇಟೆಗೆ ಬರುವ ಮೊದಲೇ ಊರಾಚೆಯಲ್ಲೇ ಮಾರಾಟವಾಗಿಹೋಗುತ್ತಿತ್ತು. ನಾವೆಲ್ಲ ಕಡಲೆಕಾಯಿ ಸಿಪ್ಪೆ, ಅವರೆಕಾಯಿ ಸಿಪ್ಪೆ, ತೊಗರಿಕಡ್ಡಿ ಉರಿಸಿ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಿರುವಾಗ ಮೇಷ್ಟ್ರಿಗೆ ಒಂದು ಥರ ಹುರುಪು ಬಂತು. ಅವರು ಇಷ್ಟು ವರ್ಷ ಒಬ್ಬರೇ ಮಾಡುತ್ತಿದ್ದದ್ದನ್ನು ಈಗ ಊರಿಗೂರೇ ಮಾಡಬೇಕಾಗಿತ್ತು.

ತಾಮ್ರದ ಹಂಡೆಗೆ ಮಸಿ ಬಳಿದು ಬಿಸಿಲಿನಲ್ಲಿಟ್ಟು ಸ್ನಾನದ ನೀರು ಕಾಯಿಸುವುದು ಹೇಗೆಂದು ವಠಾರಕ್ಕೆ ತೋರಿಸಿಕೊಟ್ಟರು. ನೀರು ಕಾಯುವುದು ಮಧ್ಯಾಹ್ನವಾದ ಮೇಲೆ. ಬೆಳಗ್ಗೆ ಮಡಿಯಾಗದೆ ಒಲೆ ಮುಟ್ಟದ ಹೆಂಗಸರು ತಣ್ಣೀರೇ ಹುಯ್ದುಕೊಂಡರು. ರಾಗಿಮುದ್ದೆ ಹೊತ್ತಿಗೊಂದು ಸಲ ಯಾಕೆ, ದಿನಕ್ಕೊಂದು ಸಲ ಮಾಡಿ, ರಾತ್ರಿಗೆ ಮಜ್ಜಿಗೆಯಲ್ಲಿ ಕಿವುಚಿಕೊಳ್ಳಿ ಎಂದರು. ಮೈಯನ್ನೂ ಬಿಡಲಿಲ್ಲ. ಮನುಷ್ಯನ ಮೈಯೇ ಒಂದು ಒಲೆ, ಅನ್ನವೇ ಅದಕ್ಕೆ ಸೌದೆ, ಸುಮ್ಮನೆ ಓಡಾಡುವುದು, ಹರಟುವುದು, ಅಳುವುದು ಎಲ್ಲವೂ ಸೌದೆಗೆ ದಂಡ ಎನ್ನುತ್ತಿದ್ದರು. ಅವರೇನೋ ಕತ್ತಲಾದ ಕೂಡಲೇ ಮಲಗುತ್ತಿದ್ದರು. ಲಕ್ಷ್ಮಮ್ಮನೂ ಮಲಗಬೇಕಾಗಿತ್ತು. ನಿದ್ದೆ ಬರದೆ ಸುಮ್ಮನೆ ಬಿದ್ದುಕೊಂಡಿರ್ತೀನಿ ಕಣೇ, ಹೊರಳಿದರೂ ಲೆಕ್ಕ ಎಂದು ನನ್ನ ಹತ್ತಿರ ನಗುತ್ತ ಹೇಳಿದ್ದಳು. ಆಗ ನಾನೂ ನಕ್ಕಿದ್ದೆ.

ಆ ಹುರುಪಿನಲ್ಲೇ ಹುಲ್ಲಿನ ಪೆಟ್ಟಿಗೆ ಬಂದದ್ದು. ಯಾವುದೋ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ ಬಡಗಿಯ ಕೈಲಿ ಮಾಡಿಸಿದರು. ದೊಡ್ಡ ಮರದ ಪೆಟ್ಟಿಗೆ, ಒಳಗೆಲ್ಲ ಹಳೆಯ ಕಂಬಳಿಯ ತುಂಡು, ಅದರೊಳಗೆ ಬತ್ತದ ಹುಲ್ಲು ಗಟ್ಟಿಯಾಗಿ ತುರುಕಿ, ನಡುವೆ ಪಾತ್ರೆ ಕೂರುವಷ್ಟು ಗೂಡು, ಮೇಲೆ ಹುಲ್ಲಿನ ದಿಂಬು, ಮುಚ್ಚಳ. ಅಕ್ಕಿಗೆ ಒಂದು ಕುದಿ ಬರಿಸಿ ಪಾತ್ರೆಯನ್ನು ಗೂಡಿನಲ್ಲಿಟ್ಟು ಮುಚ್ಚಿದರೆ ಆಯಿತು, ಒಲೆ ಆರಿಸಿಬಿಡಬಹುದು. ಮೇಷ್ಟ್ರು ಸ್ಕೂಲಿಗೆ ಹೋಗಿ ಬರುವ ಹೊತ್ತಿಗೆ ಅನ್ನ ಅರಳಿರುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಬೇಯುತ್ತಿತ್ತು. ತೊಗರಿಬೇಳೆಯೂ ಬೆಂದಿತು. ನಮ್ಮವರೂ ಒಂದು ಮಾಡಿಸಿದರು. ತಾಲೂಕು ಕಚೇರಿಯ ಗುಮಾಸ್ತೆ ಅವರು, ಮೇಷ್ಟ್ರ ಹಳೇ ಶಿಷ್ಯ. ಮೇಷ್ಟ್ರು ಬಾವಿಗೆ ಬೀಳು ಎಂದರೂ ಆಳ ಎಷ್ಟು ಎಂದು ಮಾತ್ರ ಕೇಳುವವರು. ಬರಬರುತ್ತ ಪೇಟೆಯ ಎಷ್ಟೋ ಮನೆಗಳಲ್ಲಿ ಪೆಟ್ಟಿಗೆ ಬಂತು. ತಾಲೂಕಿನ ಅಮಲ್ದಾರರೇ ಬಂದು ನೋಡಿ ಮೆಚ್ಚಿಕೊಂಡು ಹೋದರು.

ಇಷ್ಟರಲ್ಲಿ ಲಕ್ಷ್ಮಮ್ಮ ಬಸುರಿಯಾದಳು. ಅದು ಸಣ್ಣ ಸಂಗತಿಯಲ್ಲ. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನಿಂತದ್ದೆಲ್ಲ ಇಳಿದುಹೋಗಿತ್ತು. ಹೊತ್ತ ಹರಕೆಗೆ ಲೆಕ್ಕವಿರಲಿಲ್ಲ. ಈ ಸಲ ಐದು ತಿಂಗಳು ದಾಟಿತು, ಆರು ದಾಟಿತು. ಅವಳು ಕಾಲು ಊರುವುದಕ್ಕೂ ಹೆದರುತ್ತಿದ್ದಳು. ಇದೊಂದು ನನ್ನ ಕೈಯಲ್ಲಿ ಉಳಿದರೆ ಸಾಕು ಕಣೇ, ಇನ್ನೇನೂ ಕೇಳಲ್ಲ ದೇವರನ್ನ ಎನ್ನುತ್ತಿದ್ದಳು. ಹೊಟ್ಟೆಯಲ್ಲಿದ್ದದ್ದನ್ನು ತವರಿನ ತೆಲುಗಿನಲ್ಲಿ "ಬಿಡ್ಡ" ಎಂದೇ ಕರೆಯುತ್ತಿದ್ದಳು. ಬಿಡ್ಡ ಒದ್ದಿತು, ಬಿಡ್ಡ ಮಲಗಿದೆ. ಮೇಷ್ಟ್ರಿಗೂ ಖುಷಿಯೇ. ಅವಳ ಪಾಲಿಗೆ ಹಾಲು ಹೆಚ್ಚಿಗೆ ತರಿಸಿದರು. ಎರಡು ಒಲೆಗೆ ಸೌದೆ ಬೇಕಲ್ಲವೇ ಎಂದು ತಾವೇ ತಮಾಷೆ ಮಾಡಿದರು.

ಬಾಣಂತನಕ್ಕೆ ಯಲ್ದೂರಿಗೆ ಕಳಿಸುವುದೆಂದು ಮಾತಾಗಿತ್ತು. ಗಾಡಿ ಬರುವ ಮೊದಲೇ, ತಿಂಗಳು ತುಂಬುವ ಮೊದಲೇ, ಧನುರ್ಮಾಸದ ಕೊರೆಯುವ ಚಳಿಯಲ್ಲಿ ಬೇನೆ ಬಂತು. ಸೂಲಗಿತ್ತಿ ಮುನಿಯಮ್ಮನನ್ನು ಕರೆತಂದೆವು. ಮಧ್ಯಾಹ್ನಕ್ಕೆ ಹೆರಿಗೆಯಾಯಿತು. ಹೆಣ್ಣು. ಒಂದು ಹಿಡಿಯಷ್ಟಿತ್ತು. ಅತ್ತದ್ದು ಬೆಕ್ಕಿನ ಮರಿಯ ಹಾಗೆ ಕೇಳಿಸಿತು. ಮುನಿಯಮ್ಮ ಅದನ್ನು ತಾಯಿಯ ಎದೆಗೆ ಒತ್ತಿ ಸೆರಗು ಮುಚ್ಚಿದಳು. ಹೀಗೇ ಇರಲಿ, ಇಳಿಸಬೇಡಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಡಿ, ಕೆಂಡ ಆರಬಾರದು, ಇಷ್ಟು ಮಾಡಿದರೆ ಬದುಕ್ತದೆ ಎಂದಳು. ಹಾಗೆ ಬದುಕಿಸಿದ ಕೂಸುಗಳನ್ನು ಊರಿನಲ್ಲಿ ತೋರಿಸಬಲ್ಲವಳು ಅವಳು.

ಮೇಷ್ಟ್ರು ಅಗ್ಗಿಷ್ಟಿಕೆ ಬೇಡವೆಂದರು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಇದ್ದಲು ಉರಿಸಿದರೆ ವಿಷದ ಗಾಳಿ ಹುಟ್ಟುತ್ತದೆ, ಮಲಗಿದವರು ಮಲಗಿದ ಹಾಗೇ ಹೋಗುತ್ತಾರೆ ಎಂದು ವಿವರಿಸಿದರು. ಅದು ನಿಜವೇ ಅಂತೆ, ನಮ್ಮವರು ಆಮೇಲೆ ಹೇಳಿದರು. ಆದರೆ ಮನೆಯಲ್ಲಿ ಇದ್ದಲು ಇರಲಿಲ್ಲ ಎನ್ನುವುದೂ ನಿಜ, ಇದ್ದಲಿಗಾಗಿ ಇನ್ನೊಬ್ಬರ ಹತ್ತಿರ ಹೋಗಿ ನಿಂತರೆ ಊರಿಗೆಲ್ಲ ಹೇಳಿದ ಪಾಠ ಏನಾಗುತ್ತದೆ ಎನ್ನುವುದೂ ನಿಜ. ಯಾವುದು ಮೊದಲು ಅವರ ಮನಸ್ಸಿಗೆ ಬಂತೋ ಅವರಿಗೂ ಗೊತ್ತಿರಲಿಕ್ಕಿಲ್ಲ. ನಾನು ನಮ್ಮ ಒಲೆಯಿಂದ ಕೆಂಡ ತುಂಬಿದ ಅಗ್ಗಿಷ್ಟಿಕೆಯನ್ನು ಹೊತ್ತು ತಂದೆ. ಅವರು ಬಾಗಿಲಲ್ಲೇ ನನ್ನ ಕೈಯಿಂದ ಅದನ್ನು ತೆಗೆದುಕೊಂಡು, ಮರ್ಯಾದೆಯಾಗಿ, ನಮ್ಮ ಜಗುಲಿಯ ಮೇಲೆ ವಾಪಸು ಇಟ್ಟು ಹೋದರು. ದಿನಾ ನಮ್ಮ ಕೆಂಡ ಒಯ್ಯುತ್ತಿದ್ದ ಮನುಷ್ಯ!

ಸಂಜೆಗೆ ಲಕ್ಷ್ಮಮ್ಮನಿಗೆ ಜ್ವರ ಏರಿತು. ಜ್ವರದವಳ ಮಗ್ಗುಲಲ್ಲಿ ಕೂಸು ಇರಬಾರದು ಎಂದರು ಮೇಷ್ಟ್ರು. ಅಡಿಗೆಮನೆಯಿಂದ ಪೆಟ್ಟಿಗೆಯನ್ನು ತಂದರು. ಹಳೇ ಹುಲ್ಲು ಕಿತ್ತು ಹೊಸದು ತುಂಬಿದರು, ತಮ್ಮ ಮದುವೆಯ ಪಂಚೆಯನ್ನು ಹರಿದು ಹಾಸಿದರು, ಗಾಳಿಯಾಡಲಿ ಎಂದು ಮುಚ್ಚಳದ ಬದಲು ತೆಳ್ಳಗೆ ಹುಲ್ಲಿನ ದಿಂಬು ಕಟ್ಟಿದರು. ಅಷ್ಟು ಮುತುವರ್ಜಿಯಿಂದ ಅವರು ಏನನ್ನಾದರೂ ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮೈಯೇ ಒಂದು ಒಲೆ, ಅದರ ಕಾವು ಹೊರಗೆ ಹೋಗದ ಹಾಗೆ ಹುಲ್ಲು ಹಿಡಿದುಕೊಳ್ಳುತ್ತದೆ, ಬೆಂಕಿ ಯಾಕೆ ಎಂದರು. ಮುನಿಯಮ್ಮ ಕೂಗಾಡಿದಳು. ಅವಳನ್ನು ಕಳಿಸಿಬಿಟ್ಟರು. ನಾನು ಲಕ್ಷ್ಮಮ್ಮನ ಕಡೆ ನೋಡಿದೆ, ಅವಳಾದರೂ ಬೇಡವೆನ್ನಲಿ ಎಂದು.

ಅವಳು ಬೇಡವೆನ್ನಲಿಲ್ಲ. ಅದಕ್ಕೆ ಕಾರಣ ಅವಳ ತವರು. ಶ್ರೀನಿವಾಸಪುರದ ಕಡೆ ಮಾವಿನಕಾಯಿಯನ್ನು ಹುಲ್ಲಿನಲ್ಲಿ ಅಡೆ ಹಾಕಿ ಹಣ್ಣು ಮಾಡುತ್ತಾರೆ. ನಾಲ್ಕು ದಿನ ಬಿಟ್ಟು ಆ ಹುಲ್ಲಿನೊಳಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಬೆಂಕಿಯಿಲ್ಲ, ಬಿಸಿಲಿಲ್ಲ, ತಾನಾಗಿ ಕಾವು ಹುಟ್ಟುತ್ತದೆ. ಚಿಕ್ಕಂದಿನಲ್ಲಿ ಚಳಿಯಾದರೆ ಅಡೆಯ ಹುಲ್ಲಿಗೆ ಕೈ ತೂರಿಸುತ್ತಿದ್ದೆವು ಎಂದು ಎಷ್ಟೋ ಸಲ ನನಗೆ ಹೇಳಿದ್ದಳು. ಜ್ವರದ ಅಮಲಿನಲ್ಲಿ ಅವಳಿಗೆ ಅದೇ ನೆನಪಾಯಿತು. "ಹುಲ್ಲಲ್ಲಿ ಕಾವು ಬರ್ತದೆ ಕಣೇ, ನಮ್ಮಲ್ಲಿ ಕಾಯಿ ಹಣ್ಣಾಗಲ್ವಾ, ಇಡಲಿ ಬಿಡು," ಎಂದಳು. ಗಂಡನಿಗೆ ವಿಜ್ಞಾನ, ಹೆಂಡತಿಗೆ ಮಾವಿನಹಣ್ಣು. ಇಬ್ಬರೂ ಒಂದೇ ಮಾತಿಗೆ ಬಂದು ನಿಂತಾಗ ಗೋಡೆಯಾಚೆಯವಳ ಮಾತು ಯಾರಿಗೆ ಬೇಕು?

ಮಣಗಟ್ಟಲೆ ಕಾಯಿ ಒಟ್ಟಿದ ಅಡೆ ಬೇರೆ, ಹಿಡಿಯಷ್ಟು ಕೂಸು ಬೇರೆ. ಕುದಿ ಬಂದ ಪಾತ್ರೆಗೆ ಹುಲ್ಲು ಹೊದಿಸಿದರೆ ಬಿಸಿ ಉಳಿಯುತ್ತದೆ. ಆ ಕೂಸಿನ ಮೈಯಲ್ಲಿ ಉಳಿಸಿಕೊಳ್ಳುವುದಕ್ಕೆ ಬಿಸಿಯೇ ಇರಲಿಲ್ಲ. ಹುಲ್ಲು ಆ ಚಳಿಯನ್ನೇ ಭದ್ರವಾಗಿ ಹಿಡಿದಿಟ್ಟುಕೊಂಡಿತು. ಇಷ್ಟು ತಿಳಿಯುವುದಕ್ಕೆ ಹೈಸ್ಕೂಲು ಓದಬೇಕಾಗಿಲ್ಲ. ಹೈಸ್ಕೂಲಿನಲ್ಲಿ ಅದನ್ನೇ ಪಾಠ ಹೇಳುವವರಿಗೆ ತಿಳಿಯಲಿಲ್ಲ. ಮಾರನೆಯ ದಿನವೆಲ್ಲ ಅವರು ಪೆಟ್ಟಿಗೆಯ ಪಕ್ಕ ಬಿಟ್ಟು ಏಳಲಿಲ್ಲ. ಆಗಾಗ ದಿಂಬಿನ ಕೆಳಗೆ ಮುಂಗೈಯ ಹಿಂಭಾಗ ತಾಗಿಸಿ ನೋಡುವರು. ಹಾಲು ಚೀಪುವುದಕ್ಕೂ ಅದಕ್ಕೆ ಶಕ್ತಿಯಿರಲಿಲ್ಲ, ಬತ್ತಿಯನ್ನು ಹಾಲಲ್ಲಿ ಅದ್ದಿ ಬಾಯಿಗೆ ಹಿಂಡಿದೆವು. ಅಳು ನಿಂತಿತ್ತು. ಮಲಗಿದೆ, ಶಕ್ತಿ ಉಳಿಸಿಕೊಳ್ತಿದೆ ಎಂದರು ಮೇಷ್ಟ್ರು. ಅದರ ಮರುದಿನ ಬೆಳಗ್ಗೆ ನಾನು ಹೋಗುವ ಹೊತ್ತಿಗೆ ಕೂಸು ಹೋಗಿತ್ತು.

ಮೇಷ್ಟ್ರು ಅಳಲಿಲ್ಲ. ಕೂಸನ್ನು ಆ ಪಂಚೆಯಲ್ಲೇ ಸುತ್ತಿ ಎತ್ತಿಕೊಂಡು ಹೋದರು. ತಿಂಗಳು ತುಂಬದ್ದು, ಉಳಿಯುವಂಥದ್ದಾಗಿರಲಿಲ್ಲ ಎಂದು ಊರವರು ಸಮಾಧಾನ ಹೇಳಿದರು. ಇರಬಹುದು, ಅಗ್ಗಿಷ್ಟಿಕೆ ಇಟ್ಟಿದ್ದರೂ ಹೋಗುತ್ತಿತ್ತೇನೋ. ಅದನ್ನು ತಿಳಿಯುವ ದಾರಿಯನ್ನೂ ಅವರು ಉಳಿಸಲಿಲ್ಲ, ನನ್ನ ಹೊಟ್ಟೆಯ ಉರಿ ಅದಕ್ಕೇ. ಲಕ್ಷ್ಮಮ್ಮ ಜ್ವರ ಬಿಟ್ಟು ಎದ್ದು ಕೂತ ಮೇಲೆ ಗಂಡನನ್ನು ಬೈಯಲಿಲ್ಲ, ದೇವರನ್ನು ಬೈಯಲಿಲ್ಲ. ಸೂತಕ ಕಳೆದ ಮೇಲೆ ಮೇಷ್ಟ್ರು ಪೆಟ್ಟಿಗೆಗೆ ಹುಲ್ಲು ಬದಲಾಯಿಸಿ ಅಡಿಗೆಮನೆಯಲ್ಲಿ ಅದರ ಜಾಗದಲ್ಲೇ ಇಟ್ಟರು. ಒಳ್ಳೆಯ ಮರ, ಬಿಸಾಡುವುದುಂಟೇ? ಅವಳು ಅಕ್ಕಿಗೆ ಕುದಿ ಬರಿಸಿ ಮೊದಲಿನ ಹಾಗೆ ಅದರಲ್ಲಿಟ್ಟಳು. ಬೆಂದ ಮೇಲೆ ಗಂಡನಿಗೆ ಬಡಿಸಿದಳು. ತಾನು ಮಾತ್ರ ಆ ಅನ್ನ ಉಣ್ಣಲಿಲ್ಲ. ನಮ್ಮ ಮನೆಗೆ ಬಂದು ಮುದ್ದೆ ಉಂಡು ಹೋಗುತ್ತಿದ್ದಳು.

ಅದೇ ಬೇಸಗೆಯಲ್ಲಿ ಜಿಲ್ಲಾ ಕಚೇರಿಯಿಂದ ಅಮಲ್ದಾರರ ಮೂಲಕ ಮೇಷ್ಟ್ರಿಗೆ ಹೇಳಿಕೆ ಬಂತು. ಊರೂರಿಗೆ ಹೋಗಿ ಪೆಟ್ಟಿಗೆಯ ಪ್ರಯೋಗ ತೋರಿಸಬೇಕು, ಸೌದೆ ಉಳಿಸುವುದನ್ನು ಜನಕ್ಕೆ ಕಲಿಸಬೇಕು. ಮೇಷ್ಟ್ರು ಒಪ್ಪಿಕೊಂಡರು. ಜೊತೆಗೆ ನಮ್ಮವರು, ಪೆಟ್ಟಿಗೆ ಹೊರುವುದಕ್ಕೆ. ಮೊದಲು ಮಾಲೂರಿಗೆ ಹೋದರು. ಅಲ್ಲಿ ನಡೆದದ್ದನ್ನು ನಮ್ಮವರೇ ಬಂದು ಹೇಳಿದರು. ಎಲ್ಲ ತೋರಿಸಿ ಆದ ಮೇಲೆ ಮೇಷ್ಟ್ರು ಪೆಟ್ಟಿಗೆಯ ಮುಚ್ಚಳ ಹಾಕಿದರಂತೆ. ಆಮೇಲೆ, ಇದರಲ್ಲಿ ಎಳೆಗೂಸುಗಳನ್ನು ಇಡಬಾರದು ಎಂದರಂತೆ. ಧ್ವನಿ ನಡುಗುತ್ತಿತ್ತಂತೆ. ಸಭೆಯ ಜನ ಒಂದು ಗಳಿಗೆ ಮುಖಮುಖ ನೋಡಿಕೊಂಡು ಗೊಳ್ಳೆಂದು ನಕ್ಕರು. ಅನ್ನದ ಪೆಟ್ಟಿಗೆಯಲ್ಲಿ ಯಾರಾದರೂ ಕೂಸನ್ನಿಡುತ್ತಾರೆಯೇ? ಮೇಷ್ಟ್ರು ತಮಾಷೆಗಾರರು ಎಂದುಕೊಂಡರು. ನಮ್ಮವರು ಇದನ್ನು ಹೇಳುವಾಗ ಕಣ್ಣು ಒರೆಸಿಕೊಂಡರು. ನನಗೂ ಆಗ ಮೇಷ್ಟ್ರ ಮೇಲೆ ಕನಿಕರ ಬಂತು. ಅಂತೂ ಹೇಳಿದರಲ್ಲ, ನಾಲ್ಕು ಜನರ ಮುಂದೆ ಹೇಳುವಷ್ಟು ಎದೆ ಕರಗಿತಲ್ಲ ಎನ್ನಿಸಿತು.

ಮುಳಬಾಗಿಲಿನಲ್ಲೂ ಅದೇ ಮಾತು ಹೇಳಿದರು. ಅಲ್ಲೂ ಜನ ನಕ್ಕರು. ಈ ಸಲ ಧ್ವನಿ ನಡುಗಲಿಲ್ಲವಂತೆ. ಹೇಳಿ, ಜನ ನಗುವವರೆಗೆ ನಿಂತಿದ್ದು, ಆಮೇಲೆ ಮುಂದುವರಿದರಂತೆ. ನಮ್ಮವರು ಇದನ್ನು ಹೇಳುವಾಗ ಕಣ್ಣು ಒರೆಸಿಕೊಳ್ಳಲಿಲ್ಲ.

ಶ್ರೀನಿವಾಸಪುರದ ಸಭೆಗೆ ಲಕ್ಷ್ಮಮ್ಮ ತಾನೂ ಬರುತ್ತೇನೆಂದಳು. ತವರು ಹತ್ತಿರ, ಹಾಗೇ ಅಣ್ಣನನ್ನು ನೋಡಿಬರುತ್ತೇನೆ ಎಂದಳು. ಜೊತೆಗೆ ನನ್ನನ್ನು ಕರೆದಳು. ಮಾವಿನ ಸುಗ್ಗಿ. ಮಂಡಿಯೊಂದರ ಚಪ್ಪರವನ್ನು ಗುಡಿಸಿ ಸಭೆಗೆ ಅಣಿಮಾಡಿದ್ದರು. ಹಿಂದುಗಡೆ ಆಳುದ್ದ ಅಡೆ ಹಾಕಿದ್ದ ಹುಲ್ಲಿನಿಂದ ಹಣ್ಣಿನ ವಾಸನೆ ಗಮ್ಮೆಂದು ಬರುತ್ತಿತ್ತು. ಮುಂದೆ ಅಲ್ಲಿನ ಅಮಲ್ದಾರರು, ಹಿಂದೆ ವ್ಯಾಪಾರಿಗಳು, ತೋಪಿನವರು, ಒಂದು ಪಕ್ಕದಲ್ಲಿ ಹೆಂಗಸರು. ಯಲ್ದೂರಿನಿಂದ ಲಕ್ಷ್ಮಮ್ಮನ ಅಣ್ಣನೂ ಗಾಡಿ ಕಟ್ಟಿಸಿಕೊಂಡು ಬಂದು ಗಂಡಸರ ಸಾಲಿನಲ್ಲಿ ಕೂತಿದ್ದ. ಮೇಷ್ಟ್ರು ಎಲ್ಲರೆದುರಿಗೆ ಅಕ್ಕಿಗೆ ಕುದಿ ಬರಿಸಿ ಪೆಟ್ಟಿಗೆಯಲ್ಲಿಟ್ಟು ಭಾಷಣ ಶುರುಮಾಡಿದರು. ಕನ್ನಡದ ನಡುವೆ ತೆಲುಗು ಸೇರಿಸಿ ಚೆನ್ನಾಗಿಯೇ ಮಾತಾಡಿದರು. ನಿಮಗೆ ಗೊತ್ತಿಲ್ಲದ್ದೇನಲ್ಲ, ಹುಲ್ಲಿನ ಗುಣ ನಿಮ್ಮ ಮಾವಿನಕಾಯಿಗೇ ಗೊತ್ತು ಎಂದಾಗ ಜನಕ್ಕೆ ಬಲು ಸಂತೋಷವಾಯಿತು.

ಕೊನೆಗೆ ಆ ಮಾತು ಬಂತು. ಅವರು ಪೆಟ್ಟಿಗೆಯ ಮೇಲೆ ಕೈಯಿಟ್ಟು, "ಆದರೆ ಒಂದು ಎಚ್ಚರಿಕೆ. ಇದರಲ್ಲಿ ಎಳೆಗೂಸುಗಳನ್ನು ಮಾತ್ರ ಇಡಬೇಡಿ," ಎಂದು ಹೇಳಿ ಸುಮ್ಮನಾದರು. ಸುಮ್ಮನಾಗಿ, ಕತ್ತು ಒಂದು ಕಡೆ ವಾಲಿಸಿ, ಕಾದರು. ನಗುವಿಗೆ ಕಾದರು. ನಾನು ಕಣ್ಣಾರೆ ನೋಡಿದೆ. ತುಟಿಯ ಕೊನೆಯಲ್ಲಿ ಅವರಿಗೇ ನಗು ಬಂದು ಕೂತಿತ್ತು. ಹಿಂದಿನ ಸಾಲಿನಿಂದ ನಗು ಎದ್ದು ಚಪ್ಪರವೆಲ್ಲ ಹರಡಿತು. ಪಕ್ಕದಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಲಕ್ಷ್ಮಮ್ಮ ಎದ್ದು ನಿಂತಳು. ಕೂಗಲಿಲ್ಲ. ಬಾವಿಕಟ್ಟೆಯಲ್ಲಿ ಮಾತಾಡುವ ಧ್ವನಿಯಲ್ಲೇ ಹೇಳಿದಳು. "ನಾವು ಇಟ್ಟಿದ್ವಲ್ಲ. ನಮ್ಮ ಬಿಡ್ಡನ್ನ ನಾವೇ ಅದರಲ್ಲಿ ಇಟ್ಟಿದ್ವಲ್ಲ. ಆಮೇಲೆ ಸತ್ತುಹೋಯ್ತಲ್ಲ."

ಹಿಂದಿನ ಸಾಲಿನಲ್ಲಿ ಇಬ್ಬರು ಮೂವರು, ಇದೂ ತಮಾಷೆಯ ಭಾಗವೆಂದುಕೊಂಡು ಇನ್ನೂ ಸ್ವಲ್ಪ ನಕ್ಕರು. ಮುಂದೆ ಕೂತವರು ತಿರುಗಿ ಅವಳ ಮುಖ ನೋಡಿದ ಮೇಲೆ ಆ ನಗುವೂ ನಿಂತಿತು. ಅಮಲ್ದಾರರು ತಲೆ ತಗ್ಗಿಸಿದರು. ಮೇಷ್ಟ್ರು ಏನಾದರೂ ಹೇಳಲಿ, ಒಂದು ಮಾತು, ಹೌದು ಎಂದಾದರೂ ಹೇಳಲಿ ಎಂದು ದೇವರಲ್ಲಿ ಕೇಳಿಕೊಂಡೆ. ಅವರು ಹೆಂಡತಿಯ ಕಡೆ ನೋಡಿದರು, ಜನರ ಕಡೆ ನೋಡಿದರು. ಆಮೇಲೆ ಬಗ್ಗಿ ಮುಚ್ಚಳ ತೆಗೆದು, ಅನ್ನ ಬೆಂದಿದೆ, ಬಂದು ನೋಡಬಹುದು ಎಂದರು. ಹಬೆ ಎದ್ದಿತು. ನೋಡುವುದಕ್ಕೆ ಒಬ್ಬರೂ ಏಳಲಿಲ್ಲ.

ಲಕ್ಷ್ಮಮ್ಮ ಅಣ್ಣನ ಗಾಡಿ ಹತ್ತಿ ಯಲ್ದೂರಿಗೆ ಹೊರಟಳು. ನಾನು ಗಾಡಿಯ ಜೊತೆ ಊರ ಕೊನೆಯವರೆಗೂ ನಡೆದೆ. ಬರಲ್ವಾ ಎಂದು ಕೇಳಿದೆ. "ಬರಲ್ಲ ಕಣೇ. ಅಲ್ಲಿ ನನಗೆ ಚಳಿ," ಎಂದಳು. ಸುಡುವ ಬಿಸಿಲಿತ್ತು. ಆ ಮಾತು ಆಡಿದ್ದಷ್ಟೆ, ಆಮೇಲೆ ಅವಳು ಕೋಲಾರದ ಕಡೆ ಮುಖ ಹಾಕಲಿಲ್ಲ. ಅಣ್ಣನ ತೋಪಿನಲ್ಲಿ ಒಂದು ಗುಡಿಸಲು ಹಾಕಿಸಿಕೊಂಡು ಇದ್ದಾಳೆ. ಮೇಷ್ಟ್ರು ಸತ್ತ ಸುದ್ದಿ ಹೇಳಿಕಳಿಸಿದಾಗಲೂ ಬರಲಿಲ್ಲ. ಬರಬೇಕಾಗಿತ್ತು ಎಂದು ಊರಿನ ದೊಡ್ಡವರು ಆಡಿಕೊಂಡರು. ಆಡಿಕೊಳ್ಳಲಿ.

ಆ ದಿನ ನಾವು ಮೂವರೂ ಇದ್ದಲಿನ ಬಸ್ಸಿನಲ್ಲಿ ಕೋಲಾರಕ್ಕೆ ವಾಪಸಾದೆವು. ಪೆಟ್ಟಿಗೆ ಬಸ್ಸಿನ ಮೇಲಿತ್ತು. ಮೇಷ್ಟ್ರು ನನ್ನ ಮುಂದಿನ ಸೀಟಿನಲ್ಲಿ ಛತ್ರಿಯ ಹಿಡಿಯ ಮೇಲೆ ಗಲ್ಲವೂರಿ ಕೂತಿದ್ದರು. ಅಳುತ್ತಿದ್ದಾರೇನೋ ಎಂದುಕೊಂಡೆ. ಹೆಂಡತಿ ಹೋದಳು, ಕೂಸು ಹೋಯಿತು, ಈಗಲಾದರೂ ಅತ್ತಾರು ಎಂದುಕೊಂಡೆ. ಕೋಲಾರದ ಬೆಟ್ಟ ಕಾಣುವ ಹೊತ್ತಿಗೆ ಅವರು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನಿಜವಾಗಿ ನೀರಿತ್ತು.

"ಇನ್ನು ಆ ತಾಲೂಕಲ್ಲಿ ಒಬ್ಬರೂ ಪೆಟ್ಟಿಗೆ ಮಾಡಿಸಲ್ಲ ಕಣಮ್ಮ," ಎಂದರು. "ಎಷ್ಟು ಸೌದೆ ಉಳೀತಿತ್ತು."